ಮಗ್ಗಿಯಿಂದ ಚಟುವಟಿಕೆಯವರೆಗೆ: ಶಾಲೆಯ ಲೆಕ್ಕ ಬದಲಾದ ಬಗೆ

ಗಡಿನಾಡಿನ ಹಳೆಯ ಮನೆಗಳಲ್ಲಿ ಇಂದಿಗೂ "ಹದಿನಾರಾಣೆ ಸತ್ಯ" ಎಂಬ ಮಾತು ಕೇಳಿಬರುತ್ತದೆ. ಆಣೆ ಚಲಾವಣೆಯಿಂದ ಹೋಗಿ ಆರು ದಶಕಗಳೇ ಕಳೆದಿವೆ. ಹದಿನಾರು ಆಣೆಗೆ ಒಂದು ರೂಪಾಯಿ, ಅಂದರೆ ಪೂರ್ತಿ ಸತ್ಯ ಎಂಬ ಅರ್ಥ ಈಗಿನ ಮಕ್ಕಳಿಗೆ ಹೇಳಿಕೊಟ್ಟರೆ ಮಾತ್ರ ಗೊತ್ತಾಗುತ್ತದೆ. ಮಾತು ಉಳಿದಿದೆ, ಅದರ ಹಿಂದಿನ ಲೆಕ್ಕ ಹೋಗಿದೆ.

ಲೆಕ್ಕದ ವಿಷಯದಲ್ಲಿ ಪ್ರತಿ ತಲೆಮಾರೂ ಮುಂದಿನ ತಲೆಮಾರನ್ನು ದೂರುವುದುಂಟು. ಅಜ್ಜನಿಗೆ ಇಪ್ಪತ್ತರ ಮಗ್ಗಿಯ ಜೊತೆಗೆ ಮುಕ್ಕಾಲರ ಮಗ್ಗಿಯೂ ಬಾಯಿಗೆ ಬರುತ್ತಿತ್ತು, ಮೊಮ್ಮಗನಿಗೆ ಏಳರ ಮಗ್ಗಿಯೇ ತಡವರಿಸುತ್ತದೆ. ಆದರೆ ಮೊಮ್ಮಗ ಎಂಟನೆಯ ತರಗತಿಯಲ್ಲಿ ಬಿಡಿಸುವ ಸಮೀಕರಣ ಅಜ್ಜನ ಶಾಲೆಯಲ್ಲಿ ಇರಲೇ ಇಲ್ಲ. ಇಬ್ಬರೂ ಕಲಿತದ್ದಕ್ಕೆ ಹೆಸರು "ಲೆಕ್ಕ" ಎಂದೇ ಇದ್ದರೂ ಕಲಿತ ವಸ್ತು ಬೇರೆ, ಕಲಿತ ಉದ್ದೇಶವೂ ಬೇರೆ. ಕಳೆದ ಇನ್ನೂರು ವರ್ಷಗಳಲ್ಲಿ ಈ ಬದಲಾವಣೆ ಹೇಗೆ ಆಯಿತು ಎಂಬುದಕ್ಕೆ ಕನ್ನಡದ ಗಡಿಪ್ರದೇಶಗಳಲ್ಲೇ ಒಳ್ಳೆಯ ದಾಖಲೆಗಳಿವೆ.

ಹಿಂದಿನ ಪರಂಪರೆ

ಕನ್ನಡ ನಾಡಿನಲ್ಲಿ ಗಣಿತ ಹೊಸದಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ'ವನ್ನು ರಚಿಸಿದರು. ಭಿನ್ನರಾಶಿಗಳನ್ನು ಕೂಡಿಸುವಾಗ ಛೇದಗಳ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ತೆಗೆದುಕೊಳ್ಳುವ ಕ್ರಮ ಆ ಗ್ರಂಥದಲ್ಲಿ 'ನಿರುದ್ಧ' ಎಂಬ ಹೆಸರಿನಲ್ಲಿದೆ. ಈ ಗ್ರಂಥವನ್ನು ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಸಂಪಾದಿಸಿ, 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಹನ್ನೆರಡನೆಯ ಶತಮಾನದ ರಾಜಾದಿತ್ಯ 'ವ್ಯವಹಾರಗಣಿತ', 'ಕ್ಷೇತ್ರಗಣಿತ' ಮುಂತಾದ ಕೃತಿಗಳನ್ನು ಕನ್ನಡದಲ್ಲೇ ಬರೆದನು. ಹೆಸರೇ ಹೇಳುವಂತೆ ಒಂದು ವ್ಯಾಪಾರದ ಲೆಕ್ಕ, ಇನ್ನೊಂದು ಹೊಲ-ಗದ್ದೆಗಳ ಅಳತೆ.

ಆದರೆ ಪಂಡಿತರ ಗ್ರಂಥಗಳಲ್ಲಿ ಇದ್ದದ್ದೆಲ್ಲ ಊರಿನ ಶಾಲೆಯಲ್ಲಿ ಇತ್ತೆಂದು ಹೇಳುವಂತಿಲ್ಲ. ಊರಿನ ಶಾಲೆ ಏನು ಕಲಿಸುತ್ತಿತ್ತು ಎಂಬುದಕ್ಕೆ ಬೇರೆಯೇ ಸಾಕ್ಷಿ ಬೇಕು. ಅದು 1823ರ ಒಂದು ಸರಕಾರಿ ವರದಿಯಲ್ಲಿ ಸಿಗುತ್ತದೆ.

ಬಳ್ಳಾರಿ ಕಲೆಕ್ಟರರ ವರದಿ

ಮದರಾಸಿನ ಗವರ್ನರ್ ಸರ್ ಥಾಮಸ್ ಮನ್ರೋ 1822ರ ಜೂನ್‌ನಲ್ಲಿ ಪ್ರಾಂತ್ಯದ ಎಲ್ಲಾ ಜಿಲ್ಲೆಗಳ ಶಾಲೆಗಳ ಎಣಿಕೆಗೆ ಆದೇಶಿಸಿದರು. ಅಂದು ಕಾಸರಗೋಡು ಸೇರಿದ್ದ ಕೆನರಾ ಜಿಲ್ಲೆಯಿಂದ ಅಂಕಿಅಂಶಗಳ ಪಟ್ಟಿ ಬರಲಿಲ್ಲ. ಬಳ್ಳಾರಿಯ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಮಾತ್ರ 1823ರ ಆಗಸ್ಟ್‌ನಲ್ಲಿ ಬಹಳ ವಿವರವಾದ ವರದಿ ಕಳುಹಿಸಿದರು. ಆಗಿನ ಬಳ್ಳಾರಿ ಜಿಲ್ಲೆ ಬಹು ದೊಡ್ಡದು. ಆದವಾನಿ, ರಾಯದುರ್ಗ, ಮಡಕಶಿರಾ ಎಲ್ಲವೂ ಅದರಲ್ಲೇ ಇದ್ದವು.

ಈ ವರದಿಯ ಪ್ರಕಾರ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಇವುಗಳಲ್ಲಿ ಕನ್ನಡ ಶಾಲೆಗಳು 235, ತೆಲುಗು 226, ಮರಾಠಿ 23, ಸಂಸ್ಕೃತ 23, ಪಾರ್ಸಿ 21, ತಮಿಳು 4, ಇಂಗ್ಲಿಷ್ ಒಂದು. ವಿದ್ಯಾರ್ಥಿಗಳು 6,641. ಅಂದರೆ ಸಾವಿರ ಜನರಲ್ಲಿ ಸುಮಾರು ಏಳು ಮಂದಿ ಮಾತ್ರ ಶಾಲೆಯಲ್ಲಿದ್ದರು. ಹೆಣ್ಣುಮಕ್ಕಳು ಬರೀ 60. ಹಿಂದಿನವರ ಲೆಕ್ಕದ ಜಾಣ್ಮೆಯನ್ನು ಹೊಗಳುವಾಗ ಈ ಅಂಕಿಗಳನ್ನು ಮರೆಯುವಂತಿಲ್ಲ. ಆ ಜಾಣ್ಮೆ ಬಹಳ ಕಡಿಮೆ ಜನರ ಪಾಲಿಗಿತ್ತು.

ಮಗು ಐದು ವರ್ಷಕ್ಕೆ ಶಾಲೆ ಸೇರುತ್ತಿತ್ತು. ಬೆಳಿಗ್ಗೆ ಆರಕ್ಕೆ ಪಾಠ ಆರಂಭ. ಮೊದಲು ಬಂದ ಹುಡುಗನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನ ಅಂಗೈ ಮೇಲೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೆ ತಡವಾದಷ್ಟೂ ಒಂದೊಂದು ಹೆಚ್ಚು. ಕೂಡುವ ಲೆಕ್ಕ ಬಾಗಿಲಲ್ಲೇ ಶುರುವಾಗುತ್ತಿತ್ತು ಎನ್ನಬಹುದು.

ಅಕ್ಷರಗಳನ್ನು ಮೊದಲು ಬೆರಳಿನಿಂದ ಮರಳಿನ ಮೇಲೆ ತಿದ್ದಿಸುತ್ತಿದ್ದರು. ಬಳಿಕ ಹಲಗೆ ಅಥವಾ ಕಡತ. ಹಲಗೆಗೆ ಅನ್ನ ಮತ್ತು ಇದ್ದಿಲ ಪುಡಿ ಬಳಿದಿರುತ್ತಿತ್ತು. ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟು ಸವರಿದ ಬಟ್ಟೆಯೇ ಕಡತ. ಬಳಪದಿಂದ ಬರೆದು, ಒದ್ದೆ ಬಟ್ಟೆಯಿಂದ ಒರೆಸಿ, ಮತ್ತೆ ಬರೆಯಬಹುದಾಗಿತ್ತು.

ಕಾಲು, ವೀಸ, ಕಾಣಿ

ಲೆಕ್ಕದ ಪಾಠ ಒಂದರಿಂದ ನೂರರವರೆಗೆ ಎಣಿಸುವುದರಿಂದ ಆರಂಭವಾಗುತ್ತಿತ್ತು. ನಂತರ ಹಣದ ಕೂಡುವ, ಕಳೆಯುವ ಲೆಕ್ಕ, ಗುಣಾಕಾರ, ಅಳತೆ-ತೂಕಗಳ ಲೆಕ್ಕ. ಇದರಲ್ಲಿ ಕ್ಯಾಂಪ್‌ಬೆಲ್ ವಿಶೇಷವಾಗಿ ಗಮನಿಸಿದ್ದು ಭಿನ್ನರಾಶಿಯನ್ನು. ಯುರೋಪಿನ ದಶಮಾಂಶದಂತೆ ಹತ್ತು ಹತ್ತಾಗಿ ಅಲ್ಲ, ನಾಲ್ಕು ನಾಲ್ಕಾಗಿ ಒಡೆದು ಬಹಳ ಸಣ್ಣ ಪಾಲಿನವರೆಗೂ ಕಲಿಸುತ್ತಾರೆ, ಇದಕ್ಕೆ ತುಂಬಾ ಶ್ರಮ ವಹಿಸುತ್ತಾರೆ ಎಂದು ಅವರು ದಾಖಲಿಸಿದ್ದಾರೆ.

ಕನ್ನಡದ ಹಳೆಯ ಪದಗಳನ್ನು ನೋಡಿದರೆ ಈ ಕ್ರಮ ಸ್ಪಷ್ಟವಾಗುತ್ತದೆ. ಒಂದರ ನಾಲ್ಕನೇ ಪಾಲು ಕಾಲು. ಕಾಲಿನ ನಾಲ್ಕನೇ ಪಾಲು ವೀಸ, ಅಂದರೆ ಹದಿನಾರರಲ್ಲಿ ಒಂದು. ವೀಸದ ನಾಲ್ಕನೇ ಪಾಲು ಕಾಣಿ, ಅಂದರೆ ಅರುವತ್ತನಾಲ್ಕರಲ್ಲಿ ಒಂದು. ನಡುವೆ ಅರೆ, ಅರೆಕಾಲು, ಅರೆವೀಸ. ಧಾನ್ಯದ ರಾಶಿಯನ್ನು ಎರಡು ಮಾಡಿ, ಮತ್ತೆ ಎರಡು ಮಾಡಿ ಪಾಲು ಹಂಚುವ ರೈತನಿಗೂ, ತಕ್ಕಡಿಯಲ್ಲಿ ತೂಗುವ ವ್ಯಾಪಾರಿಗೂ ಇದೇ ಸಹಜವಾದ ಭಾಗಾಕಾರ. ಶಾಲೆ ಅದನ್ನೇ ಕಲಿಸಿತು.

ಮಕ್ಕಳು ದಿನಕ್ಕೆ ಎರಡು ಸಲ ಸಾಲಾಗಿ ನಿಂತು, ಒಬ್ಬ ಹಿರಿಯ ವಿದ್ಯಾರ್ಥಿ ಹೇಳಿಕೊಟ್ಟಂತೆ ಮಗ್ಗಿ, ಭಿನ್ನ, ತೂಕ, ಅಳತೆಗಳ ಕೋಷ್ಟಕಗಳನ್ನೆಲ್ಲ ಒಟ್ಟಾಗಿ ಹೇಳಬೇಕಿತ್ತು. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆ ಇದೇ ಬಗೆಯ ಕೋಷ್ಟಕಗಳಿಗೆ ಮರಾಠಿಯ ಹೆಸರುಗಳಿದ್ದವು. ಪಾವಕಿ ಎಂದರೆ ಕಾಲರ ಮಗ್ಗಿ, ನಿಮಕಿ ಅರ್ಧದ ಮಗ್ಗಿ, ಸವಾಯಕಿ ಒಂದೂಕಾಲರ ಮಗ್ಗಿ, ದಿಡಕಿ ಒಂದೂವರೆಯ ಮಗ್ಗಿ, ಔಟಕಿ ಮೂರೂವರೆಯ ಮಗ್ಗಿ. ಮೂರೂವರೆ ರೂಪಾಯಿಯಂತೆ ನಾಲ್ಕು ಸೀರೆಗೆ ಎಷ್ಟು ಎಂದರೆ ಔಟಕಿ ಕಲಿತ ಹುಡುಗ ಯೋಚಿಸದೆ ಹದಿನಾಲ್ಕು ಎನ್ನುತ್ತಿದ್ದ.

ಈ ಪದ್ಧತಿಯ ದೋಷವನ್ನೂ ಕ್ಯಾಂಪ್‌ಬೆಲ್ ಅಂದೇ ಬರೆದಿದ್ದರು. ಮಕ್ಕಳು ಹಳಗಾಲದ ಪದ್ಯಗಳನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುತ್ತಾರೆ ಎಂಬುದು ಅವರ ಆಕ್ಷೇಪವಾಗಿತ್ತು. ಆದರೆ ಅದೇ ಶಾಲೆಯ ಲೆಕ್ಕಕ್ಕೆ ಈ ಮಾತು ಪೂರ್ತಿ ಅನ್ವಯಿಸುವುದಿಲ್ಲ. ಮಗ್ಗಿ ಬಾಯಿಪಾಠವಾದರೂ ಸಂಜೆ ಅಂಗಡಿಗೆ ಹೋದರೆ ಅದರ ಅರ್ಥ ಕಣ್ಣೆದುರೇ ಇರುತ್ತಿತ್ತು. ಮುಂದೆ ಬಂದ ಬದಲಾವಣೆಗಳನ್ನು ಅರ್ಥ ಮಾಡಿಕೊಳ್ಳಲು ಈ ಅಂಶ ಮುಖ್ಯ.

ಮದರಾಸಿನಿಂದ ಇಂಗ್ಲೆಂಡಿಗೆ

ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಈ ಕ್ರಮ ಇಂಗ್ಲೆಂಡಿಗೂ ಹೋಯಿತು. ಮದರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯನ್ನು 1789ರಿಂದ ನೋಡಿಕೊಳ್ಳುತ್ತಿದ್ದ ಪಾದ್ರಿ ಆಂಡ್ರ್ಯೂ ಬೆಲ್, ಊರಿನ ಶಾಲೆಯ ಮಕ್ಕಳು ಮರಳಿನ ಮೇಲೆ ಬರೆಯುವುದನ್ನು ಕಂಡು ತಮ್ಮಲ್ಲೂ ಅದನ್ನೇ ಜಾರಿಗೆ ತಂದರು. 1797ರಲ್ಲಿ ಲಂಡನ್ನಿನಲ್ಲಿ ಈ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದರು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಇದು "ಮದರಾಸು ಪದ್ಧತಿ" ಎಂದೇ ಹೆಸರಾಯಿತು. ಕ್ಯಾಂಪ್‌ಬೆಲ್ ತಮ್ಮ ವರದಿಯಲ್ಲಿ ಇದನ್ನು ನೆನೆದು ಮೆಚ್ಚುಗೆ ಸೂಚಿಸಿದ್ದಾರೆ.

ಇನ್‌ಸ್ಪೆಕ್ಟರರ ಕಾಲ

1854ರ ವುಡ್ ವರದಿಯ ನಂತರ ವಿದ್ಯಾ ಇಲಾಖೆಗಳು ಸ್ಥಾಪನೆಯಾದವು. ಐಗಳ ಮಠ, ಕೂಲಿಮಠಗಳು ಒಂದೊಂದಾಗಿ ಇಲಾಖೆಯ ಲೆಕ್ಕಕ್ಕೆ ಸೇರಿದವು ಅಥವಾ ಮುಚ್ಚಿದವು. ತರಗತಿ, ವೇಳಾಪಟ್ಟಿ, ಮುದ್ರಿತ ಪುಸ್ತಕ, ವಾರ್ಷಿಕ ಪರೀಕ್ಷೆ ಬಂದವು. ಮರಳು, ಕಡತಗಳ ಜಾಗಕ್ಕೆ ಸ್ಲೇಟು ಬಂತು.

ಮದರಾಸು ಪ್ರಾಂತ್ಯದಲ್ಲಿ ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ ಫಲಿತಾಂಶ ನೋಡಿ ಅನುದಾನ ಕೊಡುವ ಪದ್ಧತಿ ಇತ್ತು. ಇನ್‌ಸ್ಪೆಕ್ಟರರು ಶಾಲೆಗೆ ಬಂದು ಓದು, ಬರಹ, ಲೆಕ್ಕದಲ್ಲಿ ಮಕ್ಕಳನ್ನು ಪರೀಕ್ಷಿಸುತ್ತಿದ್ದರು. ಎಷ್ಟು ಮಕ್ಕಳು ಪಾಸೋ ಅಷ್ಟು ಹಣ. ಇದರಿಂದ ಒಂದು ಹೊಸ ಚಾಳಿ ಹುಟ್ಟಿತು. ಲೆಕ್ಕ ಅಂಗಡಿಗಾಗಿ ಅಲ್ಲ, ಇನ್‌ಸ್ಪೆಕ್ಟರರಿಗಾಗಿ ಎಂಬಂತಾಯಿತು. 1904ರ ಭಾರತ ಸರಕಾರದ ಶಿಕ್ಷಣ ನೀತಿಯ ನಿರ್ಣಯ ಈ ಪದ್ಧತಿಯನ್ನು ಕೈಬಿಟ್ಟಿತು. ಆದರೆ ಪರೀಕ್ಷೆಗೆಂದೇ ಲೆಕ್ಕ ಕಲಿಸುವ ರೂಢಿ ಹೋಗಲಿಲ್ಲ.

ಅದೇ ಸಮಯದಲ್ಲಿ ಪ್ರೌಢಶಾಲೆಗಳಿಗೆ ಬೀಜಗಣಿತ ಮತ್ತು ಯೂಕ್ಲಿಡನ ರೇಖಾಗಣಿತ ಬಂದವು. ತ್ರೈರಾಶಿ, ಸರಳಬಡ್ಡಿ, ಚಕ್ರಬಡ್ಡಿ, ಲಾಭ-ನಷ್ಟ, ಕಾಲ ಮತ್ತು ಕೆಲಸ ಎಂಬ ಅಧ್ಯಾಯಗಳು ಮಾಮೂಲಿಯಾದವು. ಹೆಚ್ಚಿನ ಲೆಕ್ಕಕ್ಕೆ ಲಾಗರಿದಂ ಪುಸ್ತಕ ಬಂತು. ಗುಣಾಕಾರವನ್ನು ಕೂಡುವ ಲೆಕ್ಕವಾಗಿ ಮಾಡಿಕೊಡುವ ಆ ಪುಸ್ತಕವನ್ನು ಕ್ಯಾಲ್ಕುಲೇಟರ್ ಬಂದ ಮೇಲೆ ಕೇಳುವವರಿಲ್ಲವಾಯಿತು.

ಆಣೆಯಿಂದ ನಯಾ ಪೈಸೆಗೆ

ಒಂದು ರೂಪಾಯಿಗೆ 16 ಆಣೆ, ಒಂದು ಆಣೆಗೆ 12 ಪೈ. ಒಟ್ಟು 192 ಪೈ. ಈ ಲೆಕ್ಕ ಈಗ ಕಷ್ಟವೆನಿಸಿದರೂ ಅದಕ್ಕೊಂದು ಅನುಕೂಲವಿತ್ತು. 192ನ್ನು ಎರಡು, ಮೂರು, ನಾಲ್ಕು, ಆರು, ಎಂಟು, ಹನ್ನೆರಡು, ಹದಿನಾರರಿಂದ ಶೇಷವಿಲ್ಲದೆ ಭಾಗಿಸಬಹುದು. ಮೂವರಿಗೆ ಒಂದು ರೂಪಾಯಿ ಹಂಚಿದರೆ ತಲಾ 5 ಆಣೆ 4 ಪೈ, ಸರಿಯಾಗಿ. ನೂರು ಪೈಸೆಯನ್ನು ಮೂವರಿಗೆ ಹಂಚಿದರೆ ತಲಾ 33 ಪೈಸೆ, ಒಂದು ಪೈಸೆ ಉಳಿಯುತ್ತದೆ.

ಉದಾಹರಣೆಗೆ ಸೇರಿಗೆ 2 ರೂಪಾಯಿ 5 ಆಣೆ 4 ಪೈಯಂತೆ ಆರು ಸೇರಿನ ಬೆಲೆ ಎಷ್ಟು? ಆರು ನಾಲ್ಕಲ 24 ಪೈ, ಅಂದರೆ 2 ಆಣೆ. ಆರೈದಲ 30 ಆಣೆ, ಎರಡು ಸೇರಿದರೆ 32 ಆಣೆ, ಅಂದರೆ 2 ರೂಪಾಯಿ. ಆರೆರಡಲ 12 ರೂಪಾಯಿ, ಎರಡು ಸೇರಿದರೆ 14. ಹೀಗೆ ಹದಿನಾರಕ್ಕೆ ಒಮ್ಮೆ, ಹನ್ನೆರಡಕ್ಕೆ ಒಮ್ಮೆ ದಶಕ ಒಯ್ಯುತ್ತಾ ಮಕ್ಕಳು ತಮಗೆ ತಿಳಿಯದಂತೆಯೇ ಬೇರೆ ಬೇರೆ ಆಧಾರ ಸಂಖ್ಯೆಗಳಲ್ಲಿ ಲೆಕ್ಕ ಮಾಡುತ್ತಿದ್ದರು.

1957ರ ಏಪ್ರಿಲ್ 1ರಂದು ನಯಾ ಪೈಸೆ ಜಾರಿಗೆ ಬಂತು. ನಾಲ್ಕಾಣೆ 25, ಎಂಟಾಣೆ 50 ಸರಿಹೋದವು. ಆದರೆ ಒಂದಾಣೆ ಆರೂಕಾಲು ಪೈಸೆ. ಅದನ್ನು ಆರು ಎಂದು ಹಿಡಿದರು. ಎರಡಾಣೆಗೆ 12, ಮೂರಾಣೆಗೆ 19. ಅಂಗಡಿಗಳಲ್ಲಿ ಕೋಷ್ಟಕ ತೂಗುಹಾಕಬೇಕಾಯಿತು. 1964ರ ಜೂನ್ 1ರಿಂದ "ನಯಾ" ಎಂಬ ಪದವನ್ನು ಕೈಬಿಡಲಾಯಿತು. ತೂಕ-ಅಳತೆಗಳಿಗೆ ಸಂಬಂಧಿಸಿದ 1956ರ ಕಾಯಿದೆಯಂತೆ ಸೇರು, ಮಣ, ತೊಲಗಳ ಜಾಗಕ್ಕೆ ಹಂತ ಹಂತವಾಗಿ ಕಿಲೋಗ್ರಾಂ, ಲೀಟರ್, ಮೀಟರ್ ಬಂದವು.

ಇಷ್ಟು ದೊಡ್ಡ ಬದಲಾವಣೆಯನ್ನು ಶಾಲೆಯ ಗಣಿತ ಅದರ ಹಿಂದೆ ಕಂಡಿರಲಿಲ್ಲ. ಕೋಷ್ಟಕಗಳ ಹೊರೆ ಒಮ್ಮೆಗೇ ಇಳಿಯಿತು. ದಶಮಾಂಶ ಬಿಂದುವನ್ನು ಆಚೀಚೆ ಸರಿಸಿದರೆ ಕೆಲಸವಾಯಿತು. ಆದರೆ ಮುಕ್ಕಾಲು, ಅರೆಕಾಲು, ವೀಸಗಳು ದಿನಬಳಕೆಯಿಂದ ಜಾರಿದ್ದರಿಂದ ಭಿನ್ನರಾಶಿ ಪುಸ್ತಕದ ವಸ್ತುವಾಯಿತು. ಮನೆಯಲ್ಲಿ ಕೇಳಿ ತಿಳಿಯುತ್ತಿದ್ದ ವಿಷಯವನ್ನು ಅಂಶ, ಛೇದ ಎಂಬ ಪದಗಳಿಂದ ಹೊಸದಾಗಿ ಕಲಿಯಬೇಕಾಯಿತು. ಇಂದಿಗೂ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಎಡವುವ ಮೊದಲ ದೊಡ್ಡ ಕಲ್ಲು ಭಿನ್ನರಾಶಿಯೇ.

ಹೊಸ ಗಣಿತ

1957ರ ಅಕ್ಟೋಬರಿನಲ್ಲಿ ಸೋವಿಯತ್ ರಷ್ಯ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದಲ್ಲಿ ಗಣಿತದ ಪಠ್ಯಗಳನ್ನು ಬದಲಿಸುವ ಗಡಿಬಿಡಿ ಆರಂಭವಾಯಿತು. ಗಣಗಳು, ಸಂಖ್ಯಾ ಪದ್ಧತಿಗಳ ನಿಯಮಗಳು, ತರ್ಕಬದ್ಧ ವ್ಯಾಖ್ಯೆಗಳನ್ನು ಚಿಕ್ಕ ತರಗತಿಗಳಿಂದಲೇ ಕಲಿಸಬೇಕೆಂಬುದು ಈ "ಹೊಸ ಗಣಿತ"ದ ವಾದ. ಭಾರತದಲ್ಲಿ 1961ರಲ್ಲಿ ಎನ್‌ಸಿಇಆರ್‌ಟಿ ಸ್ಥಾಪನೆಯಾಯಿತು. 1964-66ರ ಕೊಠಾರಿ ಆಯೋಗ ಮೊದಲ ಹತ್ತು ವರ್ಷ ಎಲ್ಲರಿಗೂ ಗಣಿತ, ವಿಜ್ಞಾನ ಕಡ್ಡಾಯವಾಗಿರಬೇಕೆಂದು ಶಿಫಾರಸು ಮಾಡಿತು. ನಂತರದ ವರ್ಷಗಳಲ್ಲಿ ರಾಜ್ಯಗಳ ಪಠ್ಯಪುಸ್ತಕಗಳಿಗೂ ಗಣಗಳು ಬಂದವು.

ಅಮೆರಿಕದಲ್ಲೇ ಇದಕ್ಕೆ ವಿರೋಧ ಬಂತು. ಮಕ್ಕಳಿಗೆ ಕೂಡುವುದೇ ಬಾರದಂತಾಗಿದೆ ಎಂದು ಗಣಿತಜ್ಞ ಮಾರಿಸ್ ಕ್ಲೈನ್ 1973ರಲ್ಲಿ ಪುಸ್ತಕವನ್ನೇ ಬರೆದರು. ಇಲ್ಲಿಯೂ ಗಣಗಳು ಕೆಳಗಿನ ತರಗತಿಗಳಿಂದ ಮೇಲಿನ ತರಗತಿಗಳಿಗೆ ಸರಿದವು. ಆದರೂ ಈ ಕಾಲದ ಲಾಭವನ್ನು ಅಲ್ಲಗಳೆಯುವಂತಿಲ್ಲ. ಕೂಲಿಕಾರರ ಮಗಳಿಗೂ ಹತ್ತನೆಯ ತರಗತಿಯವರೆಗೆ ಬೀಜಗಣಿತ, ರೇಖಾಗಣಿತ ಕಲಿಯುವ ಹಕ್ಕು ದೊರೆತದ್ದು ಇದೇ ಅವಧಿಯಲ್ಲಿ. 1823ರ ಆ 60 ಹೆಣ್ಣುಮಕ್ಕಳಿಗೆ ಹೋಲಿಸಿದರೆ ಇದು ಸಣ್ಣ ಮಾತಲ್ಲ.

ಕಡ್ಡಿ, ಮಣಿ, ಚಟುವಟಿಕೆ

1990ರ ದಶಕದಲ್ಲಿ ಗಾಳಿ ಮತ್ತೆ ತಿರುಗಿತು. ಕೇಂದ್ರದ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ, ಅಂದರೆ ಡಿಪಿಇಪಿ, ಕೇರಳದಲ್ಲಿ ಮೊದಲ ಹಂತದಲ್ಲಿ ಆರಿಸಿಕೊಂಡ ಮೂರು ಜಿಲ್ಲೆಗಳಲ್ಲಿ ಕಾಸರಗೋಡು ಮತ್ತು ವಯನಾಡು ಎರಡೂ ಇದ್ದವು. ಇನ್ನೊಂದು ಮಲಪ್ಪುರಂ. ಮಗ್ಗಿ ಬಾಯಿಪಾಠದ ಬದಲು ಕಡ್ಡಿ, ಮಣಿ, ಬೀಜಗಳನ್ನಿಟ್ಟು ಮಕ್ಕಳೇ ಮಾಡಿ ಕಲಿಯುವ ಕ್ರಮ ಬಂತು. ಇದರ ಬಗ್ಗೆ ಕೇರಳದಲ್ಲಿ ದೊಡ್ಡ ಚರ್ಚೆಯೇ ನಡೆಯಿತು.

ಕರ್ನಾಟಕದಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ "ನಲಿ-ಕಲಿ" ಆರಂಭವಾಯಿತು. ತಮಿಳುನಾಡಿನಲ್ಲಿ 2003ರಲ್ಲಿ ಚೆನ್ನೈ ನಗರಪಾಲಿಕೆ ಶಾಲೆಗಳಲ್ಲಿ ಶುರುವಾದ ಚಟುವಟಿಕೆ ಆಧಾರಿತ ಕಲಿಕೆ ಕೆಲವೇ ವರ್ಷಗಳಲ್ಲಿ ರಾಜ್ಯವಿಡೀ ಹರಡಿತು. ಈ ಎರಡಕ್ಕೂ ಪ್ರೇರಣೆ ಆಂಧ್ರದ ಮದನಪಲ್ಲಿ ಬಳಿಯ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳು.

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಇದಕ್ಕೆ ತಾತ್ವಿಕ ಬೆಂಬಲ ಕೊಟ್ಟಿತು. ಚೆನ್ನೈನ ಗಣಿತ ವಿಜ್ಞಾನ ಸಂಸ್ಥೆಯ ಆರ್. ರಾಮಾನುಜಂ ಅಧ್ಯಕ್ಷತೆಯ ತಂಡ, ಲೆಕ್ಕ ಮಾಡುವ ಕೌಶಲವಷ್ಟೇ ಗಣಿತದ ಗುರಿಯಲ್ಲ, ಮಗುವಿನ ಯೋಚನೆಯೇ ಗಣಿತದ ದಾರಿಯಲ್ಲಿ ಸಾಗಬೇಕು ಎಂದಿತು. ಗಣಿತದ ಹೆದರಿಕೆ ಮತ್ತು ನಪಾಸಿನ ಭಯವನ್ನು ದೊಡ್ಡ ಸಮಸ್ಯೆಯೆಂದು ಗುರುತಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಮತ್ತು 2021ರ ಜುಲೈಯಲ್ಲಿ ಆರಂಭವಾದ ನಿಪುಣ್ ಭಾರತ್ ಯೋಜನೆ, ಮೂರನೆಯ ತರಗತಿ ಮುಗಿಯುವುದರೊಳಗೆ ಪ್ರತಿ ಮಗುವಿಗೂ ಮೂಲ ಲೆಕ್ಕ ಬರಬೇಕೆಂಬ ಗುರಿ ಇಟ್ಟುಕೊಂಡಿವೆ. ಗುರಿ ಇನ್ನೂ ದೂರವಿದೆ. 2024ರ 'ಅಸರ್' ಸಮೀಕ್ಷೆಯಲ್ಲಿ ದೇಶದ ಗ್ರಾಮೀಣ ಪ್ರದೇಶದ ಐದನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 30.7 ಮಾತ್ರ.

ಸಂಖ್ಯೆಯ ಹೆಸರು, ಗಡಿಯ ಮಗು

ಗಡಿಯ ಕನ್ನಡ ಮಗುವಿಗೆ ಗಣಿತದ ಪುಸ್ತಕ ಆಯಾ ರಾಜ್ಯದಿಂದ ಬರುತ್ತದೆ. ಕೇರಳದಲ್ಲಿ ಎಸ್‌ಸಿಇಆರ್‌ಟಿ, ಮಹಾರಾಷ್ಟ್ರದಲ್ಲಿ 1967ರಲ್ಲಿ ಸ್ಥಾಪನೆಯಾದ ಬಾಲಭಾರತಿ ಕನ್ನಡ ಮಾಧ್ಯಮದ ಪುಸ್ತಕಗಳನ್ನು ಪ್ರಕಟಿಸುತ್ತವೆ. ಪಠ್ಯಕ್ರಮ ರಾಜ್ಯದ್ದು, ಭಾಷೆ ಕನ್ನಡ.

ಕನ್ನಡಕ್ಕೆ ಇಲ್ಲಿ ಒಂದು ಅನುಕೂಲವಿದೆ. ಇಪ್ಪತ್ತೊಂದು ಎನ್ನುವಾಗ ಇಪ್ಪತ್ತು ಮೊದಲು, ಒಂದು ಆಮೇಲೆ. ಬರೆಯುವುದೂ ಅದೇ ಕ್ರಮದಲ್ಲಿ. ಮರಾಠಿಯಲ್ಲಿ "ಏಕವೀಸ" ಎಂದರೆ ಒಂದು ಮೊದಲು, ಇಪ್ಪತ್ತು ಆಮೇಲೆ. ಬರೆಯುವುದು ಮಾತ್ರ ತಿರುಗುಮುರುಗು. 2019ರ ಜೂನ್‌ನಲ್ಲಿ ಬಾಲಭಾರತಿ ಎರಡನೆಯ ತರಗತಿಯ ಪುಸ್ತಕದಲ್ಲಿ "ವೀಸ ಏಕ" ಎಂಬ ರೂಪವನ್ನು ಪರಿಚಯಿಸಿದಾಗ ವಿವಾದವೆದ್ದು ವಿಧಾನಸಭೆಯವರೆಗೂ ಹೋಯಿತು. ಗಣಿತ ಸಮಿತಿಯ ಅಧ್ಯಕ್ಷೆ ಮಂಗಲಾ ನಾರಳೀಕರ್ ಅವರು ದಕ್ಷಿಣದ ಭಾಷೆಗಳಲ್ಲಿ ಹೀಗೆಯೇ ಇದೆ ಎಂದು ಸಮರ್ಥಿಸಿಕೊಂಡರು. ಅಕ್ಕಲಕೋಟೆಯ ಕನ್ನಡ ಶಾಲೆಯ ಮಗು ತರಗತಿಯಲ್ಲಿ ಒಂದು ಕ್ರಮದಲ್ಲಿ, ಪೇಟೆಯಲ್ಲಿ ಇನ್ನೊಂದು ಕ್ರಮದಲ್ಲಿ ಎಣಿಸುತ್ತದೆ. ಎರಡೂ ಬಂದರೆ ಅದು ಲಾಭವೇ. ಆದರೆ ಆ ವ್ಯತ್ಯಾಸವನ್ನು ಶಿಕ್ಷಕರು ತಿಳಿದಿರಬೇಕು, 21 ಹೇಳಿದರೆ 12 ಬರೆಯುವ ಮಗುವನ್ನು ದಡ್ಡ ಎನ್ನಬಾರದು.

ಅಳತೆಯಲ್ಲೂ ಗಡಿಯ ಗುರುತುಗಳಿವೆ. ಕಾಸರಗೋಡಿನಲ್ಲಿ ಜಾಗವನ್ನು ಸೆಂಟ್ಸ್‌ನಲ್ಲಿ ಹೇಳುತ್ತಾರೆ, ಜತ್ತದಲ್ಲಿ ಗುಂಟೆಯಲ್ಲಿ. ಎಕರೆಗೆ ನೂರು ಸೆಂಟ್ಸ್, ನಲವತ್ತು ಗುಂಟೆ. ಹಾಗಾದರೆ ಒಂದು ಗುಂಟೆಗೆ ಎಷ್ಟು ಸೆಂಟ್ಸ್? ಎರಡೂವರೆ. ಹಳೆಯ ಎರಡೂವರೆಯ ಮಗ್ಗಿ ಇಲ್ಲಿ ಇಂದೂ ಉಪಯೋಗಕ್ಕೆ ಬರುತ್ತದೆ.

ಸಂತೆ ಮತ್ತು ನೋಟುಬುಕ್ಕು

2025ರ ಫೆಬ್ರವರಿಯಲ್ಲಿ 'ನೇಚರ್' ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತಿತರರ ಅಧ್ಯಯನವೊಂದು ಪ್ರಕಟವಾಯಿತು. ಕೋಲ್ಕತ್ತ ಮತ್ತು ದಿಲ್ಲಿಯ ಮಾರುಕಟ್ಟೆಗಳಲ್ಲಿ ದುಡಿಯುವ ಮಕ್ಕಳು ತರಕಾರಿಯ ತೂಕ, ಬೆಲೆ, ಚಿಲ್ಲರೆಯ ಲೆಕ್ಕವನ್ನು ಬಾಯಲ್ಲೇ ಸರಿಯಾಗಿ ಮಾಡಿದರು. ಅದೇ ಬಗೆಯ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕಾಗದದ ಮೇಲೆ ಕೊಟ್ಟಾಗ ಸೋತರು. ಮಾರುಕಟ್ಟೆಯಲ್ಲಿ ದುಡಿಯದ ಶಾಲಾಮಕ್ಕಳದ್ದು ಇದಕ್ಕೆ ಉಲ್ಟಾ. ಕಾಗದದ ಲೆಕ್ಕ ಅವರಿಗೆ ಹೆಚ್ಚು ಬಂತು, ಸಂತೆಯ ಲೆಕ್ಕದಲ್ಲಿ ತಡವರಿಸಿದರು.

ಇನ್ನೂರು ವರ್ಷಗಳ ಬದಲಾವಣೆಯ ಸಾರ ಈ ಅಧ್ಯಯನದಲ್ಲಿದೆ ಎನ್ನಬಹುದು. 1823ರ ಶಾಲೆಯಲ್ಲಿ ಸಂತೆ ಇತ್ತು, ಬೀಜಗಣಿತ ಇರಲಿಲ್ಲ, ಸಾವಿರಕ್ಕೆ ಸುಮಾರು ಏಳು ಮಂದಿಗಷ್ಟೇ ಅದು ತಲುಪಿತ್ತು. ಇಂದಿನ ಶಾಲೆ ಎಲ್ಲರಿಗೂ ತೆರೆದಿದೆ, ಬೀಜಗಣಿತವೂ ಇದೆ, ಸಂತೆಯ ದಾರಿ ಮಾತ್ರ ಸವೆದಿದೆ. ಹಳೆಯ ಮಗ್ಗಿ ಬೇಕೋ, ಹೊಸ ಚಟುವಟಿಕೆ ಬೇಕೋ ಎಂಬ ವಾದ ಮುಗಿಯುವಂಥದ್ದಲ್ಲ. ಮಗ್ಗಿ ಬಾರದೆ ಚಟುವಟಿಕೆ ಮುಂದೆ ಸಾಗುವುದಿಲ್ಲ, ಅರ್ಥ ತಿಳಿಯದೆ ಮಗ್ಗಿ ಬಹಳ ದಿನ ಉಳಿಯುವುದಿಲ್ಲ.

ಇದಕ್ಕೆ ದೊಡ್ಡ ಯೋಜನೆಗಳೇ ಬೇಕೆಂದಿಲ್ಲ. ಅರ್ಧ ಕಿಲೋ, ಕಾಲು ಕಿಲೋ ತರಲು ಮಗುವನ್ನು ಅಂಗಡಿಗೆ ಕಳುಹಿಸಿ, ಬಂದ ಚಿಲ್ಲರೆಯ ಲೆಕ್ಕವನ್ನು ನೋಟುಬುಕ್ಕಿನಲ್ಲಿ ಬರೆಯಲು ಹೇಳಬಹುದು. ಉತ್ತರ ಸರಿಯೋ ತಪ್ಪೋ ನೋಡುವ ಮೊದಲು "ಹೇಗೆ ಮಾಡಿದೆ?" ಎಂದು ಕೇಳಬಹುದು. ಹದಿನಾರಾಣೆಯ ಅರ್ಥ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಮೂವರಿಗೆ ಒಂದು ರೂಪಾಯಿ ಹಂಚುವ ಹಳೆಯ ಲೆಕ್ಕವನ್ನೂ ಮೊಮ್ಮಕ್ಕಳಿಗೆ ಒಮ್ಮೆ ಹೇಳಿಕೊಡಬಹುದು.